ಹದಿನೇಳು ವರುಷ ಮಣ್ಣಿನಲ್ಲಿ ಅಡಗಿರುವ ಜೀರುಂಡೆ

ಬೇಸಿಗೆಯ ಕಡೆಯ ದಿನಗಳಲ್ಲಿ ಮಲೆನಾಡಿನ ಕಾಡುದಾರಿಯಲ್ಲಿಯಾಗಲಿ ಕರಾವಳಿಯ ತೋಟಗಳ ನಡುವೆಯಾಗಲಿ ನಡೆಯುವವರು, ಮರಗಳ ಮೇಲಿನಿಂದ ಎಡೆಬಿಡದೆ ಬರುವ ಜೀರ್ ಎಂಬ ಶಬ್ದವನ್ನು ಕೇಳದೆ ಇರಲಾರರು. ಶಬ್ದವನ್ನು ಕೇಳಿದವರು ಅನೇಕರು. ಶಬ್ದಮಾಡುವ ಹುಳವನ್ನು ಕಂಡವರು ಕೆಲವರೇ. ನಾವು ಮರದ ಬುಡಕ್ಕೆ ಬಂದ ಕೂಡಲೆ ಅದು ಸುಮ್ಮನಾಗುತ್ತದೆ; ಅದರ ರೆಕ್ಕೆಯ ಬಣ್ಣವು ತೊಗಟೆಯ ಬಣ್ಣದೊಂದಿಗೆ ಬೆರೆತುಹೋಗುತ್ತದೆ. ಇದೇ ಜೀರುಂಡೆ. ಕೆಲವು ಕಡೆಗಳಲ್ಲಿ ಸಗಣಿಯನ್ನು ಉರುಳಿಸುವ ಗಟ್ಟಿರೆಕ್ಕೆಯ ಹುಳಕ್ಕೂ ಜೀರುಂಡೆ ಎಂದು ಹೇಳುವದುಂಟು. ಈ ಪಾಠದಲ್ಲಿ ನಾವು ವಿಚಾರಿಸುವದು ಮರದ ಮೇಲೆ ಹಾಡುವ, ಗಾಜಿನಂಥ ತೆಳ್ಳಗಿನ ನಾಲ್ಕು ರೆಕ್ಕೆಗಳುಳ್ಳ ಜೀರುಂಡೆಯನ್ನೇ.

ಲೋಕದಲ್ಲಿ ಈ ಕುಲಕ್ಕೆ ಸೇರಿದ ಮೂರು ಸಾವಿರಕ್ಕಿಂತ ಹೆಚ್ಚು ಜಾತಿಗಳು ತಿಳಿದುಬಂದಿವೆ. ಇವೆಲ್ಲವುಗಳ ಬಾಲ್ಯವು ಮಣ್ಣಿನೊಳಗೆ ಕಳೆಯುತ್ತದೆ. ಮರದ ಮೇಲಿನ ಹಾಡು ಅವುಗಳ ಆಯುಷ್ಯದ ಕೊನೆಯ ಕೆಲವು ವಾರಗಳದ್ದು ಮಾತ್ರ. ಆದರೆ ಉತ್ತರ ಅಮೇರಿಕ ಖಂಡದ ಪೂರ್ವಭಾಗದಲ್ಲಿ ಏಳು ಜಾತಿಗಳುಂಟು; ಅವುಗಳಲ್ಲಿ ಮೂರು 17 ವರುಷಗಳಿಗೊಮ್ಮೆಯೂ ನಾಲ್ಕು 13 ವರುಷಗಳಿಗೊಮ್ಮೆಯೂ, ಒಂದೇ ಸ್ಥಳದಲ್ಲಿರುವವೆಲ್ಲಾ ಒಟ್ಟಾಗಿ, ಭೂಮಿಯಿಂದ ಹೊರಡುತ್ತವೆ. ಕೀಟಗಳಲ್ಲಿ ಇಷ್ಟು ದೀರ್ಘವಾದ ಬಾಲ್ಯವುಳ್ಳವು ಬಹು ಅಪರೂಪ. ಇವುಗಳ ವಿಷಯವನ್ನು ಕಲಿತರೆ ಜೀರುಂಡೆಯ ಜೀವಮಾನವೆಲ್ಲಾ ನಮಗೆ ಚೆನ್ನಾಗಿ ತಿಳಿಯುವದು. ಅದರ ಸಂಗಡ, ಕಾಣದ ವಸ್ತುವನ್ನು ಕುರಿತು ಅವಸರದಿಂದ ತೀರ್ಪುಮಾಡಬಾರದೆಂಬ ಬುದ್ಧಿಯೂ ದೊರೆಯುವದು.

1. ಹೆಸರಿನಿಂದ ಉಂಟಾದ ತಪ್ಪು

1620ರಲ್ಲಿ ಇಂಗ್ಲೆಂಡಿನಿಂದ ಬಂದು ಪ್ಲಿಮತ್ ಎಂಬಲ್ಲಿ ನೆಲಸಿದ ಜನರು, ಕೆಲವು ವರುಷಗಳಾದ ಮೇಲೆ, ಸುಮಾರು 1633–34ರಲ್ಲಿ, ಹಿಂದೆಂದೂ ಕಾಣದ ಒಂದು ಸಂಗತಿಯನ್ನು ಕಂಡರು. ನೆಲದಲ್ಲಿ ಲೆಕ್ಕವಿಲ್ಲದ ತೂತುಗಳು ಉಂಟಾಗಿ, ಅವುಗಳಿಂದ ದೊಡ್ಡ ನೊಣಗಳಂತಿರುವ ಹುಳಗಳು ಹೊರಟು ಕಾಡನ್ನೆಲ್ಲಾ ಶಬ್ದದಿಂದ ತುಂಬಿಸಿದವು. ಅವರ ಅಧಿಪತಿಯಾದ ವಿಲಿಯಂ ಬ್ರಾಡ್‌ಫರ್ಡ್ ಎಂಬವನು ಇದನ್ನು ತನ್ನ ಚರಿತ್ರೆಯಲ್ಲಿ ಬರೆದಿಟ್ಟನು. ಇವು ಬಂದ ತರುವಾಯ ರೋಗ ಬರುವದೆಂದು ಆ ದೇಶದ ಮೂಲನಿವಾಸಿಗಳು ಹೇಳಿದರೆಂತಲೂ, ಹಾಗೆಯೇ ಜ್ವರ ಬಂತೆಂತಲೂ ಅವನು ಬರೆದಿದ್ದಾನೆ. ಜ್ವರ ಬಂದದ್ದು ನಿಜವೇ. ಆದರೆ ಅದನ್ನು ಹುಳಗಳು ತರಲಿಲ್ಲ. ಜೀರುಂಡೆ ಮನುಷ್ಯರನ್ನು ಕುಟುಕುವದಿಲ್ಲ, ರೋಗವನ್ನು ಹರಡುವದೂ ಇಲ್ಲ. ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದರೆ ಒಂದನ್ನು ಮತ್ತೊಂದರ ಕಾರಣವೆಂದು ಎಣಿಸುವದು ಎಲ್ಲಾ ದೇಶದವರಿಗೂ ಇರುವ ಅಭ್ಯಾಸ.

ಆ ವಲಸೆಗಾರರು ಸತ್ಯವೇದವನ್ನು ಚೆನ್ನಾಗಿ ಓದಿದವರು. ಐಗುಪ್ತದೇಶದ ಮೇಲೆ ಬಂದ ಮಿಡತೆಗಳ ಬಾಧೆಯನ್ನು ಅವರು ಬಲ್ಲವರಾಗಿದ್ದರು. ನಿಜವಾದ ಮಿಡತೆಗಳ ದಂಡನ್ನಾದರೋ ಅವರಲ್ಲಿ ಹೆಚ್ಚಿನವರು ಕಣ್ಣಾರೆ ಕಂಡವರಲ್ಲ. ಆದದರಿಂದ ಗುಂಪುಗುಂಪಾಗಿ ಬಂದ ಈ ಹುಳಗಳಿಗೆ ಮಿಡತೆಗಳೆಂಬ ಹೆಸರನ್ನೇ ಇಟ್ಟರು. ಒಂದು ಜಾತಿಯ ಗಂಡುಹುಳದ ಕೂಗಿನಲ್ಲಿ ಫರೋಹನ ಹೆಸರು ಕೇಳಿಬರುತ್ತದೆಂದು ಜನರು ಹೇಳುವದುಂಟು; ಇಂಗ್ಲಿಷಿನಲ್ಲಿ ಆ ಜಾತಿಗೆ ಈಗಲೂ ಫರೋಹನ ಜೀರುಂಡೆ ಎಂಬ ಹೆಸರಿದೆ.

1715ರಲ್ಲಿ ಫಿಲಡೆಲ್ಫಿಯ ಪಟ್ಟಣದಲ್ಲಿದ್ದ ಸ್ವೀಡನ್ ದೇಶದವರ ಲುಥರನ್ ಸಭೆಗೆ ಆಂದ್ರೆಯಾಸ್ ಸಾಂದೆಲ್ ಎಂಬವನು ಪಾಲಕನಾಗಿದ್ದನು. ಆ ವರುಷದ ವಸಂತಕಾಲದಲ್ಲಿ ಹುಳಗಳು ನೆಲದಿಂದ ಹೊರಟದ್ದನ್ನು ಅವನು ತನ್ನ ದಿನಚರಿಯಲ್ಲಿ ಬರೆದನು. ಹಂದಿಗಳೂ ಕೋಳಿಗಳೂ ಅವುಗಳನ್ನು ತಿಂದವೆಂತಲೂ, ಸ್ನಾನಿಕನಾದ ಯೋಹಾನನು ಅಡವಿಯಲ್ಲಿ ತಿಂದದ್ದು ಇವುಗಳನ್ನೇ ಎಂದು ತಿಳಿದು ಕೆಲವು ಮನುಷ್ಯರೂ ತಿಂದರೆಂತಲೂ ಅದರಲ್ಲಿ ಕಾಣುತ್ತದೆ. ಆದರೆ ಯೋಹಾನನ ಆಹಾರವಾದ ಮಿಡತೆ ಬೇರೆ, ಇದು ಬೇರೆ. ಮಿಡತೆಗೆ ಕಡಿಯುವ ದವಡೆಗಳುಂಟು. ಅದು ಎಲೆಯನ್ನೂ ಪೈರನ್ನೂ ತಿಂದು ಹೊಲವನ್ನು ಬರಿದುಮಾಡುತ್ತದೆ. ಜೀರುಂಡೆಗಾದರೋ ದವಡೆಯೇ ಇಲ್ಲ. ಸೂಜಿಯಂಥ ಕೊಳವೆಯಿಂದ ಮರದ ರಸವನ್ನು ಹೀರುವದೊಂದೇ ಅದಕ್ಕೆ ಸಾಧ್ಯ. ತಗಣೆಯೂ ಗಿಡದ ಹೇನೂ ಅದರ ದೂರದ ಬಂಧುಗಳು; ಮಿಡತೆಯಲ್ಲ. ಹೀಗಿದ್ದರೂ ಒಂದು ತಪ್ಪು ಹೆಸರಿನ ನಿಮಿತ್ತ ಜನರು ತಲೆತಲಾಂತರಗಳ ವರೆಗೆ ಈ ಹುಳಕ್ಕೆ ಹೆದರಿದರು.

2. ಒಬ್ಬ ರೈತನು ಇಟ್ಟ ಲೆಕ್ಕ

ಆ ಭಯವನ್ನು ತನ್ನಲ್ಲಿಯೇ ಜಯಿಸಿದವನೊಬ್ಬನ ವೃತ್ತಾಂತವನ್ನು ಇಲ್ಲಿ ಹೇಳುವದು ಯುಕ್ತ. ಬೆಂಜಮಿನ್ ಬ್ಯಾನೆಕರ್ ಎಂಬವನು 1731ರಲ್ಲಿ ಮೇರಿಲೆಂಡ್ ಪ್ರಾಂತದಲ್ಲಿ ಹುಟ್ಟಿದನು. ಅವನು ಕರಿಯರ ಕುಲದವನು. ಅವನ ತಂದೆ ದಾಸತ್ವದಲ್ಲಿದ್ದು ಬಿಡುಗಡೆ ಹೊಂದಿದವನು. ಅವನ ಕುಲದವರಲ್ಲಿ ಬಹುಜನರು ಇನ್ನೂ ದಾಸರಾಗಿದ್ದ ಆ ಕಾಲದಲ್ಲಿ ಬೆಂಜಮಿನನು ತನ್ನ ಸ್ವಂತ ಭೂಮಿಯಲ್ಲಿ ಹೊಗೆಸೊಪ್ಪನ್ನು ಬೆಳೆಸುತ್ತಾ, ಸ್ವಲ್ಪ ಶಾಲೆ ಕಲಿತು, ಉಳಿದದ್ದನ್ನೆಲ್ಲಾ ತಾನೇ ಓದಿ ತಿಳಿದುಕೊಂಡನು. ಸುಮಾರು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮರದಿಂದ ಒಂದು ಗಡಿಯಾರವನ್ನು ಮಾಡಿದನು. ಮುದಿಪ್ರಾಯದಲ್ಲಿ ಗ್ರಹಣಗಳ ಲೆಕ್ಕವನ್ನು ಕಟ್ಟಿ ಪಂಚಾಂಗಗಳನ್ನು ಪ್ರಕಟಿಸಿದನು. 1791ರಲ್ಲಿ ದಾಸತ್ವದ ಅನ್ಯಾಯವನ್ನು ಕುರಿತು ಥಾಮಸ್ ಜೆಫರ್ಸನನಿಗೆ ಕಾಗದ ಬರೆದವನೂ ಇವನೇ.

1749ರಲ್ಲಿ, ಅವನಿಗೆ ಸುಮಾರು ಹದಿನೇಳು ವರುಷ ವಯಸ್ಸಾಗಿದ್ದಾಗ, ಸಾವಿರಾರು ಜೀರುಂಡೆಗಳು ನೆಲದಿಂದೆದ್ದು ಮರಗಳನ್ನೂ ಪೊದೆಗಳನ್ನೂ ಹತ್ತುವದನ್ನು ಅವನು ಕಂಡನು. ಇವು ಭೂಮಿಯ ಬೆಳೆಯನ್ನೆಲ್ಲಾ ತಿಂದು ದೇಶಕ್ಕೆ ಬರವನ್ನು ತರುವವೆಂದು ಎಣಿಸಿ ಅವುಗಳನ್ನು ಕೊಲ್ಲುವದಕ್ಕೆ ತೊಡಗಿದನು. ಎಷ್ಟು ಕೊಂದರೂ ತೀರದೆಂದು ಕಂಡು ಬಿಟ್ಟುಬಿಟ್ಟನು. ಹದಿನೇಳು ವರುಷಗಳಾದ ಮೇಲೆ 1766ರಲ್ಲಿ ಅವು ತಿರಿಗಿ ಬಂದವು. ಆಗ ಅವನು ಮೂವತ್ತನಾಲ್ಕು ವಯಸ್ಸಿನ ರೈತನಾಗಿದ್ದನು. ಮೊದಲನೆಯ ಸಾರಿ ಬೆಳೆ ನಾಶವಾಗಲಿಲ್ಲವೆಂಬದನ್ನು ನೆನಪಿನಲ್ಲಿಟ್ಟುಕೊಂಡವನಾಗಿ ಈ ಸಾರಿ ಅವನು ಒಂದನ್ನೂ ಕೊಲ್ಲುವ ಗೋಜಿಗೆ ಹೋಗಲಿಲ್ಲ. 1783ರಲ್ಲಿ ಮೂರನೆಯ ಸಾರಿ ಕಂಡನು. ಅವುಗಳ ಅವಧಿ ಹದಿನೇಳು ವರುಷಗಳೆಂದು ನಿರ್ಣಯಿಸಿ, 1800ರಲ್ಲಿ ತಿರಿಗಿ ಬರತಕ್ಕವೆಂದು ತನ್ನ ಟಿಪ್ಪಣಿಯಲ್ಲಿ ಬರೆದನು. ಧೂಮಕೇತುಗಳ ಹಾಗೆ ಇವೂ ನಮ್ಮ ನಡುವೆ ಸ್ವಲ್ಪ ಕಾಲ ಮಾತ್ರ ಇರುತ್ತವೆಂತಲೂ, ಅವುಗಳ ಆಯುಷ್ಯ ಕಡಿಮೆಯಾದರೂ ಸಾಯುವ ತನಕ ಹಾಡುತ್ತಾ ಸಂತೋಷವಾಗಿರುತ್ತವೆಂತಲೂ ಅವನು ಹೇಳಿದ್ದಾನೆ.

ಅವನು 1806ರಲ್ಲಿ ತೀರಿಹೋದನು. ಅವನ ಶವಸಂಸ್ಕಾರದ ದಿನವೇ ಮನೆ ಬೆಂಕಿಯಿಂದ ಸುಟ್ಟುಹೋಯಿತು; ಈ ಟಿಪ್ಪಣಿಯಾದರೋ ಉಳಿಯಿತು. ಅವನ ಲೆಕ್ಕದಲ್ಲಿ ದೋಷವಿಲ್ಲ. ಸಾಂದೆಲನು ಕಂಡ 1715ಕ್ಕೆ ಹದಿನೇಳನ್ನು ಎರಡು ಸಾರಿ ಕೂಡಿಸಿದರೆ 1749 ಆಗುತ್ತದೆ. 1749ಕ್ಕೆ ಹದಿನೇಳನ್ನು ಹದಿನಾರು ಸಾರಿ ಕೂಡಿಸಿದರೆ 2021 ಆಗುತ್ತದೆ. 2021ರಲ್ಲಿ ಅದೇ ಹುಳಗಳ ಸಂತತಿ ಅದೇ ಸೀಮೆಯಲ್ಲಿ ಹೊರಟುಬಂತು. ಇನ್ನು 2038ರಲ್ಲಿ ಬರತಕ್ಕದ್ದು.

3. ಮೊಟ್ಟೆಯಿಂದ ಮಣ್ಣಿಗೆ

ಈಗ ಜೀವಮಾನದ ಕ್ರಮವನ್ನು ನೋಡೋಣ. ಹೆಣ್ಣುಜೀರುಂಡೆಯ ಹೊಟ್ಟೆಯ ಕೊನೆಯಲ್ಲಿ ಗರಗಸದಂಥ ಗಟ್ಟಿಯಾದ ಒಂದು ಅವಯವ ಉಂಟು. ಅದರಿಂದ ಹೆಣ್ಣು ಪೆನ್ಸಿಲಿನಷ್ಟು ದಪ್ಪವಾದ ಎಳೆಕೊಂಬೆಯನ್ನು ಸೀಳಿ, ಆ ಸೀಳುಗಳಲ್ಲಿ ಸಾಲುಸಾಲಾಗಿ ಮೊಟ್ಟೆಗಳನ್ನಿಡುತ್ತದೆ. ಒಂದೊಂದು ಹೆಣ್ಣು ಒಟ್ಟಿಗೆ ಸುಮಾರು 400ರಿಂದ 600 ಮೊಟ್ಟೆಗಳನ್ನಿಡುವದು. ಸೀಳಿದ ಕೊಂಬೆಗಳ ತುದಿಗಳು ಕೆಲವು ಒಣಗಿ ಬೀಳುತ್ತವೆ. ದೊಡ್ಡ ಮರಕ್ಕೆ ಇದರಿಂದ ಬಾಧೆಯಿಲ್ಲ. ಹೊಸದಾಗಿ ನೆಟ್ಟ ಹಣ್ಣಿನ ಸಸಿಗಳಿಗೆ ಮಾತ್ರ ಕೇಡಾಗಬಹುದು. ಆದಕಾರಣ ಅಲ್ಲಿಯ ತೋಟಗಾರರು ಹುಳ ಬರುವ ವರುಷವನ್ನು ತಿಳಿದುಕೊಂಡು ಸಸಿ ನೆಡುವದನ್ನು ಮುಂದಕ್ಕೆ ಹಾಕುತ್ತಾರೆ, ಇಲ್ಲವೆ ಎಳೆಗಿಡಗಳಿಗೆ ಬಲೆಯನ್ನು ಹೊದಿಸುತ್ತಾರೆ. ಬ್ಯಾನೆಕರನು ಇಟ್ಟಂಥ ಲೆಕ್ಕದ ಪ್ರಯೋಜನವು ಇಲ್ಲಿ ಕಾಣುತ್ತದೆ.

ಬಿದ್ದ ಕೊಂಬೆಯೊಳಗಿನ ಮೊಟ್ಟೆಯೇ ನೆಲದೊಳಕ್ಕೆ ಇಳಿಯುತ್ತದೆಂದು ಬ್ಯಾನೆಕರನು ತಿಳಿದಿದ್ದನು. ಹಾಗಲ್ಲ, ಆರರಿಂದ ಹತ್ತು ವಾರಗಳಲ್ಲಿ ಮೊಟ್ಟೆ ಒಡೆದು, ಇರುವೆಯಷ್ಟು ಚಿಕ್ಕದಾದ ಬಿಳೀ ಮರಿ ಕೊಂಬೆಯಿಂದ ಕೆಳಗೆ ಬೀಳುತ್ತದೆ. ಅಗೆಯುವದಕ್ಕೆ ತಕ್ಕ ಮುಂಗಾಲುಗಳು ಅದಕ್ಕೆ ಹುಟ್ಟಿನಿಂದಲೇ ಇರುತ್ತವೆ. ಬಿದ್ದಲ್ಲಿಯೇ ಬಿರುಕನ್ನು ಹುಡುಕಿ ಮಣ್ಣಿನೊಳಕ್ಕೆ ಸೇರಿಕೊಳ್ಳುತ್ತದೆ. ಇರುವೆ ಮೊದಲಾದ ವೈರಿಗಳ ಬಾಯಿಗೆ ಸಿಕ್ಕಿಯೂ ಬೇರು ಸಿಕ್ಕದೆಯೂ ಬಹುಪಾಲು ಮರಿಗಳು ಮೊದಲನೆಯ ಎರಡು ವರುಷಗಳಲ್ಲಿಯೇ ಸತ್ತುಹೋಗುತ್ತವೆ.

4. ಮಣ್ಣಿನೊಳಗಿನ ವಾಸ

ಉಳಿದ ಮರಿಗಳು ಮೊದಲು ಹುಲ್ಲಿನ ಸಣ್ಣ ಬೇರುಗಳನ್ನೂ ತರುವಾಯ ಮರದ ಬೇರುಗಳನ್ನೂ ಹಿಡಿದುಕೊಂಡು, ಎರಡು ಅಡಿಯೊಳಗಿನ ಆಳದಲ್ಲಿ ವಾಸಿಸುತ್ತವೆ. ಅವು ನಿದ್ರೆಮಾಡುತ್ತವೆಂದು ನೆನಸಬಾರದು. ಅಗೆಯುತ್ತವೆ, ಹೀರುತ್ತವೆ, ಬೆಳೆಯುತ್ತವೆ, ಕಾಲಕಾಲಕ್ಕೆ ಪೊರೆಯನ್ನು ಕಳಚುತ್ತವೆ. ಅವುಗಳ ಆಹಾರವಾದರೋ ಬೇರುಗಳು ನೆಲದಿಂದ ಎತ್ತಿ ಮೇಲಕ್ಕೆ ಕಳುಹಿಸುವ ನೀರಿನಂಥ ರಸ. ಅದರಲ್ಲಿ ಪುಷ್ಟಿಕೊಡುವ ಅಂಶ ಅತ್ಯಲ್ಪ. ಈ ಕೊರತೆಯನ್ನು ತುಂಬುವದಕ್ಕೆ ಜೀರುಂಡೆಯ ಶರೀರದೊಳಗೆ ಕಣ್ಣಿಗೆ ಕಾಣದ ಎರಡು ಬಗೆಯ ಸೂಕ್ಷ್ಮಜೀವಿಗಳು ವಾಸಮಾಡಿ, ರಸದಲ್ಲಿಲ್ಲದ ಪೋಷಕದ್ರವ್ಯಗಳನ್ನು ಅದಕ್ಕೆ ಸಿದ್ಧಮಾಡಿಕೊಡುತ್ತವೆ. ತಾಯಿ ಮೊಟ್ಟೆಯ ಮೂಲಕವಾಗಿಯೇ ಅವುಗಳನ್ನು ಮರಿಗೆ ಒಪ್ಪಿಸುತ್ತದೆ. ಅವಿಲ್ಲದೆ ಜೀರುಂಡೆ ಬದುಕದು. ಜೀರುಂಡೆಯಿಲ್ಲದೆ ಅವೂ ಬದುಕವು.

ಹಾಗಾದರೆ ಸೂರ್ಯನನ್ನು ಕಾಣದ ಈ ಪ್ರಾಣಿ ವರುಷಗಳನ್ನು ಎಣಿಸುವದು ಹೇಗೆ? ಇದಕ್ಕೆ ಒಂದು ಭಾಗದ ಉತ್ತರ 2000ದಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯದ ವಿದ್ವಾಂಸನಾದ ರಿಚರ್ಡ್ ಕಾರ್ಬನನೂ ಅವನ ಜೊತೆಗಾರರೂ ಹದಿನೈದು ವರುಷ ಬೆಳೆದ ಮರಿಗಳನ್ನು ಪೀಚ್ ಹಣ್ಣಿನ ಗಿಡಗಳ ಬೇರುಗಳಿಗೆ ಸೇರಿಸಿ, ಒಂದೇ ವರುಷದಲ್ಲಿ ಎರಡು ಸಾರಿ ಹೂಬಿಡುವ ಹಾಗೆ ಆ ಗಿಡಗಳನ್ನು ನಡಿಸಿದರು. ಆ ಗಿಡಗಳ ಮರಿಗಳು ಒಂದು ವರುಷ ಮುಂಚೆಯೇ ಹೊರಗೆ ಬಂದವು. ಇದರಿಂದ ಏನು ತಿಳಿಯುತ್ತದಂದರೆ, ಮರಿ ಎಣಿಸುವದು ಕಳೆದ ದಿನಗಳನ್ನಲ್ಲ, ಮರದ ಋತುಗಳನ್ನು. ಮರವು ಚಿಗುರಿ ಹೂಬಿಡುವಾಗ ಬೇರಿನ ರಸದಲ್ಲಿ ಉಂಟಾಗುವ ಬದಲಾವಣೆಯೇ ಅದಕ್ಕೆ ಪಂಚಾಂಗ. ಆದರೆ ಎಣಿಸಿದ ಸಂಖ್ಯೆಯನ್ನು ಹದಿನೇಳರ ವರೆಗೆ ಅದು ಎಲ್ಲಿ, ಹೇಗೆ ನೆನಪಿನಲ್ಲಿಟ್ಟುಕೊಳ್ಳುತ್ತದೆಂಬದು ವಿದ್ವಾಂಸರಿಗೂ ಇನ್ನೂ ಬಿಡಿಸಲಾಗದ ಗಂಟಾಗಿದೆ. ಕೆಲವು ಎಣಿಕೆ ತಪ್ಪಿ ಬರುವದೂ ಉಂಟು; ಆಗ ಹೆಚ್ಚಾಗಿ ನಾಲ್ಕು ವರುಷ ಮುಂಚೆ ಬರುತ್ತವೆ. 2021ರಲ್ಲಿ ಬರಬೇಕಾದ ತಂಡದಲ್ಲಿ ಕೆಲವು 2017ರಲ್ಲಿಯೇ ಬಂದವು.

5. ಹೊರಗೆ ಬರುವ ಕಾಲ

ಕೊನೆಯ ವಸಂತಕಾಲದಲ್ಲಿ ಬೆಳೆದ ಮರಿಗಳು ನೆಲದ ಮೇಲ್ಭಾಗದ ವರೆಗೆ ಸುರಂಗವನ್ನು ತೋಡಿ ಕಾದಿರುತ್ತವೆ. ತೇವವುಳ್ಳ ಸ್ಥಳವಾದರೆ ಬಾಯಿಯ ಮೇಲೆ ಕೆಲವು ಅಂಗುಲ ಎತ್ತರದ ಮಣ್ಣಿನ ಗೋಪುರವನ್ನೂ ಕಟ್ಟುತ್ತವೆ. ಎಂಟು ಅಂಗುಲ ಆಳದ ಮಣ್ಣು ಸುಮಾರು 18 ಡಿಗ್ರಿ ಸೆಲ್ಸಿಯಸಿನಷ್ಟು ಬೆಚ್ಚಗಾದಾಗ, ಹೆಚ್ಚಾಗಿ ಮಳೆ ಬಂದ ತರುವಾಯದ ಸಾಯಂಕಾಲದಲ್ಲಿ, ಅವೆಲ್ಲಾ ಒಟ್ಟಾಗಿ ಹೊರಡುತ್ತವೆ. ಒಂದು ಎಕರೆ ಕಾಡಿನಲ್ಲಿ 15 ಲಕ್ಷದ ವರೆಗೆ ಬಂದದ್ದುಂಟೆಂದು ಲೆಕ್ಕಮಾಡಿದ್ದಾರೆ. ಮರವನ್ನು ಹತ್ತಿ ತೊಗಟೆಯನ್ನು ಬಿಗಿಯಾಗಿ ಹಿಡಿದುಕೊಂಡ ಮೇಲೆ ಬೆನ್ನು ಸೀಳಿ, ಮೆತ್ತಗಿನ ಬಿಳೀ ಜೀರುಂಡೆ ಹೊರಗೆ ಬರುತ್ತದೆ. ಮುದುಡಿದ ರೆಕ್ಕೆಗಳು ಬಿಚ್ಚುತ್ತವೆ. ಬೆಳಗಾಗುವಷ್ಟರಲ್ಲಿ ಮೈ ಕಪ್ಪಾಗಿ ಗಟ್ಟಿಯಾಗುತ್ತದೆ. ಕಣ್ಣುಗಳು ಕೆಂಪು, ರೆಕ್ಕೆಯ ನರಗಳು ಕಿತ್ತಳೆಯ ಬಣ್ಣ. ಬರಿದಾದ ಚಿಪ್ಪು ಮಾತ್ರ ಮರದಲ್ಲಿ ನಿಂತಿರುತ್ತದೆ. ಅದನ್ನು ಕಂಡು ಸತ್ತ ಹುಳವೆಂದು ಹೇಳುವವರುಂಟು. ಅದು ಸತ್ತ ಹುಳವಲ್ಲ, ಬಿಟ್ಟುಹೋದ ಅಂಗಿ.

ಕೆಲವು ದಿನಗಳಾದ ಮೇಲೆ ಹಾಡು ಆರಂಭವಾಗುತ್ತದೆ. ಹಾಡುವದು ಗಂಡು ಮಾತ್ರ. ಮಿಡತೆಯ ಹಾಗೆ ಅದು ರೆಕ್ಕೆಯನ್ನಾಗಲಿ ಕಾಲನ್ನಾಗಲಿ ಉಜ್ಜುವದಿಲ್ಲ. ಹೊಟ್ಟೆಯ ಎರಡು ಪಕ್ಕಗಳಲ್ಲಿ ಗೆರೆಗಳುಳ್ಳ ತೆಳ್ಳಗಿನ ತಮಟೆಗಳುಂಟು. ಒಳಗಿನ ಸ್ನಾಯು ಅವುಗಳನ್ನು ಎಳೆದು ಬಿಡುವಾಗ ಟಕ್ಕೆಂಬ ಶಬ್ದವಾಗುತ್ತದೆ. ಈ ಎಳೆತವು ಒಂದು ಸೆಕೆಂಡಿನಲ್ಲಿ ಅನೇಕ ಸಾರಿ ನಡೆಯುವದರಿಂದ ಶಬ್ದಗಳು ಒಂದಕ್ಕೊಂದು ಕೂಡಿ ಜೀರೆಂದು ಕೇಳಿಸುತ್ತವೆ. ಹೊಟ್ಟೆಯ ಬಹುಭಾಗ ಟೊಳ್ಳಾಗಿರುವದರಿಂದ ಮೃದಂಗದ ಹಾಗೆ ಅದು ಶಬ್ದವನ್ನು ದೊಡ್ಡದು ಮಾಡುತ್ತದೆ. ಹೆಣ್ಣು ಹಾಡುವದಿಲ್ಲ, ಗಂಡಿನ ಹಾಡು ಮುಗಿದ ಕ್ಷಣದಲ್ಲಿ ರೆಕ್ಕೆಯನ್ನು ಒಂದೇ ಸಾರಿ ಚಿಟಿಕೆ ಹಾಕಿದ ಹಾಗೆ ಬಡಿದು ಉತ್ತರಕೊಡುತ್ತದೆ. ನಾಲ್ಕರಿಂದ ಆರು ವಾರಗಳೊಳಗೆ ಕೂಡುವದೂ ಮೊಟ್ಟೆಯಿಡುವದೂ ಮುಗಿದು ಎಲ್ಲವೂ ಸಾಯುತ್ತವೆ.

6. ಒಟ್ಟಾಗಿ ಬರುವದರ ಪ್ರಯೋಜನ

ಈ ಜೀರುಂಡೆಗೆ ಕುಟುಕುವ ಮುಳ್ಳಿಲ್ಲ, ವಿಷವಿಲ್ಲ, ಬೇಗನೆ ಓಡಿಹೋಗುವ ಚುರುಕೂ ಇಲ್ಲ. ಹಕ್ಕಿ, ಅಳಿಲು, ಆಮೆ, ನಾಯಿ ಎಲ್ಲವೂ ತಿನ್ನುತ್ತವೆ. ಆದರೆ ತಿನ್ನುವವುಗಳ ಹೊಟ್ಟೆ ತುಂಬಿದ ಮೇಲೂ ಲಕ್ಷಾಂತರ ಉಳಿಯುತ್ತವೆ. ಸಂಖ್ಯೆಯೇ ಅವುಗಳ ಕೋಟೆ. ಒಂಟಿಯಾಗಿ ತಪ್ಪು ವರುಷದಲ್ಲಿ ಬಂದದ್ದು ಹಕ್ಕಿಯ ಪಾಲಾಗುತ್ತದೆ. ಒಟ್ಟಾಗಿ ಬರುವದರಲ್ಲಿಯೇ ಕುಲದ ರಕ್ಷಣೆ ಇರುವದು.

ಹದಿಮೂರು, ಹದಿನೇಳು ಎಂಬ ಸಂಖ್ಯೆಗಳೇ ಯಾಕೆ? ಇವೆರಡೂ ಒಂದನ್ನೂ ತಮ್ಮನ್ನೂ ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಸಮವಾಗಿ ಭಾಗವಾಗದವು. ಹನ್ನೆರಡು ವರುಷಗಳಿಗೊಮ್ಮೆ ಬರುವ ಹುಳವಿದ್ದರೆ, ಎರಡು, ಮೂರು, ನಾಲ್ಕು, ಆರು ವರುಷಗಳಿಗೊಮ್ಮೆ ಹೆಚ್ಚುವ ವೈರಿಗಳೆಲ್ಲಾ ಅದನ್ನು ಪ್ರತಿಸಾರಿಯೂ ಸಂಧಿಸಬಹುದು. ಹದಿನೇಳಕ್ಕೆ ಆ ಭಯ ಕಡಿಮೆ. ಬೇರೆ ಬೇರೆ ಅವಧಿಯ ತಂಡಗಳು ತಮ್ಮೊಳಗೆ ಬೆರೆತು ಎಣಿಕೆ ಕೆಡದಂತೆಯೂ ಇದು ತಡೆಯುತ್ತದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇವು ಊಹೆಗಳೇ ಹೊರತು ಪೂರ್ತಿಯಾಗಿ ಸ್ಥಾಪಿತವಾದ ಮಾತುಗಳಲ್ಲ. ಲೆಕ್ಕವನ್ನಾದರೋ ಯಾರೂ ಮಾಡಿನೋಡಬಹುದು: ಹದಿಮೂರನ್ನು ಹದಿನೇಳರಿಂದ ಗುಣಿಸಿದರೆ 221. ಹದಿಮೂರು ವರುಷದ ಒಂದು ತಂಡವೂ ಹದಿನೇಳು ವರುಷದ ಒಂದು ತಂಡವೂ ಒಂದೇ ವರುಷದಲ್ಲಿ ಬಂದರೆ ಅವೆರಡೂ ತಿರಿಗಿ ಜೊತೆಯಾಗಿ ಬರುವದಕ್ಕೆ 221 ವರುಷ ಬೇಕು. 1803ರಲ್ಲಿ ಒಟ್ಟಾಗಿ ಬಂದ ಎರಡು ತಂಡಗಳು 2024ರಲ್ಲಿ ತಿರಿಗಿ ಒಟ್ಟಾಗಿ ಬಂದವು. ಇನ್ನು 2245ರಲ್ಲಿ ಬರತಕ್ಕವು.

7. ಹಿಂಭಾಗ ಕೊಳೆತರೂ ಹಾಡುವದು

ಬ್ಯಾನೆಕರನು ಇನ್ನೊಂದು ವಿಚಿತ್ರವನ್ನು ಬರೆದಿದ್ದನು. ಕೆಲವು ಹುಳಗಳ ಶರೀರದ ಹಿಂಭಾಗವು ಕೊಳೆತು ಉದುರಿಹೋದರೂ ಅವುಗಳಿಗೆ ನೋವಿದ್ದಂತೆ ಕಾಣದೆ ಅವು ಹಾಡುತ್ತಲೇ ಇರುತ್ತವೆ ಎಂಬದೇ. ಇದು ಕಲ್ಪನೆಯಲ್ಲ. ಒಂದು ಬಗೆಯ ಬೂಸಲು ಇದಕ್ಕೆ ಕಾರಣ. ಮಣ್ಣಿನಲ್ಲಿ ಹದಿನೇಳು ವರುಷ ಕಾದಿದ್ದ ಬೂಸಲಿನ ಬೀಜಕಣಗಳು ಹೊರಡುವ ಮರಿಗೆ ಅಂಟಿಕೊಂಡು ಹೊಟ್ಟೆಯೊಳಗೆ ಬೆಳೆಯುತ್ತವೆ. ಹಿಂಭಾಗ ಕಳಚಿಬಿದ್ದು ಆ ಸ್ಥಳದಲ್ಲಿ ಬಿಳೀ ಹಿಟ್ಟಿನಂಥ ಗಡ್ಡೆ ಕಾಣುತ್ತದೆ. ರೋಗ ತಗಲಿದ ಹುಳ ಹಾರುವದನ್ನು ಬಿಡುವದಿಲ್ಲ. ಹಾರಿದಲ್ಲೆಲ್ಲಾ ಕಣಗಳನ್ನು ಉದುರಿಸುತ್ತದೆ. ಅದಕ್ಕಿಂತ ಭಯಂಕರವಾದದ್ದೇನಂದರೆ, ರೋಗ ತಗಲಿದ ಕೆಲವು ಗಂಡುಗಳು ಹೆಣ್ಣಿನ ಹಾಗೆ ರೆಕ್ಕೆ ಬಡಿದು ಬೇರೆ ಗಂಡುಗಳನ್ನು ಹತ್ತಿರಕ್ಕೆ ಕರೆದು ಅವುಗಳಿಗೂ ರೋಗವನ್ನು ಅಂಟಿಸುತ್ತವೆಂದು 2018ರಲ್ಲಿ ವಿದ್ವಾಂಸರು ತಿಳಿಸಿದರು. ಈ ಬೂಸಲು ಹುಳದ ಶರೀರದಲ್ಲಿ ಅಮಲಿನ ಪದಾರ್ಥವನ್ನು ಉಂಟುಮಾಡುತ್ತದೆಂದು 2019ರಲ್ಲಿ ತಿಳಿದುಬಂತು. ತನ್ನ ಹೊಲದ ಅಂಚಿನಲ್ಲಿ ನಿಂತು ನೋಡಿದ ರೈತನ ಮಾತು ಇನ್ನೂರಕ್ಕಿಂತ ಹೆಚ್ಚು ವರುಷಗಳಾದ ಮೇಲೂ ಹೀಗೆ ನಿಜವಾಗಿ ನಿಂತಿದೆ.

8. ಸತ್ತವುಗಳಿಂದಾಗುವ ಉಪಕಾರ

ಲಕ್ಷಾಂತರ ಹುಳಗಳು ಸತ್ತು ಮರಗಳ ಬುಡದಲ್ಲಿ ಬಿದ್ದು ಕೊಳೆತಾಗ ದುರ್ವಾಸನೆ ಏಳುತ್ತದೆ. ಆದರೆ ಮಣ್ಣಿಗೆ ಅದು ಒಳ್ಳೇ ಗೊಬ್ಬರ. ಲೂಯಿ ಯಾಂಗ್ ಎಂಬ ವಿದ್ವಾಂಸನು ಸತ್ತ ಜೀರುಂಡೆಗಳನ್ನು ಕಾಡುಗಿಡಗಳ ಬುಡಕ್ಕೆ ಹಾಕಿ ಪರೀಕ್ಷಿಸಿ, ಮಣ್ಣಿನಲ್ಲಿ ಸಾರಜನಕ ಹೆಚ್ಚಿತೆಂದೂ ಅಲ್ಲಿಯ ಗಂಟೆಹೂವಿನ ಗಿಡಗಳು ದೊಡ್ಡ ಬೀಜಗಳನ್ನು ಕೊಟ್ಟವೆಂದೂ 2004ರಲ್ಲಿ ಪ್ರಕಟಿಸಿದನು. ಮರದಿಂದ ಹದಿನೇಳು ವರುಷ ಹೀರಿದ್ದರಲ್ಲಿ ಒಂದು ಪಾಲು ಹೀಗೆ ಮಣ್ಣಿಗೆ ಹಿಂದಿರುಗುತ್ತದೆ. 2021ರಲ್ಲಿ ಹಕ್ಕಿಗಳು ಜೀರುಂಡೆಗಳನ್ನೇ ತಿಂದು ಕಂಬಳಿಹುಳಗಳನ್ನು ಬಿಟ್ಟುಬಿಟ್ಟದರಿಂದ ಕಂಬಳಿಹುಳಗಳು ಹೆಚ್ಚಿ ಓಕ್ ಮರಗಳ ಎಲೆಗಳಿಗೆ ಬಂದ ನಷ್ಟವು ಎರಡರಷ್ಟಾಯಿತೆಂಬದೂ ತಿಳಿದುಬಂದಿದೆ. ಒಂದು ಹುಳ ಬಂದರೆ ಕಾಡಿನಲ್ಲಿ ಎಷ್ಟು ಸಂಗತಿಗಳು ಅಲುಗುತ್ತವೆಂಬದನ್ನು ಇದರಿಂದ ಗ್ರಹಿಸಬಹುದು.

9. ತಿರಿಗಿ ಬಾರದ ತಂಡಗಳು

1898ರಲ್ಲಿ ಚಾರ್ಲ್ಸ್ ಮಾರ್ಲಟ್ ಎಂಬವನು ಬರುವ ವರುಷಕ್ಕೆ ಸರಿಯಾಗಿ ಈ ತಂಡಗಳಿಗೆ 1ರಿಂದ 30ರ ವರೆಗೆ ಸಂಖ್ಯೆಗಳನ್ನು ಕೊಟ್ಟನು. ಆ ಸಂಖ್ಯೆಗಳಲ್ಲಿ ಅನೇಕಕ್ಕೆ ತಕ್ಕ ತಂಡ ಇಲ್ಲವೆಂದು ತರುವಾಯ ಗೊತ್ತಾಯಿತು. ಈಗ ಜೀವದಿಂದಿರುವವು ಹದಿನೈದು. ಬ್ಯಾನೆಕರನು ಕಂಡದ್ದು 10ನೆಯ ತಂಡ. ಪ್ಲಿಮತಿನ ಸೀಮೆಯದು 14ನೆಯದು, ಅದು 2025ರಲ್ಲಿ ಬಂತು.

ಆದರೆ 21ನೆಯ ತಂಡವನ್ನು 1870ರ ತರುವಾಯ ಯಾರೂ ಕಾಣಲಿಲ್ಲ. 11ನೆಯ ತಂಡ ಕನೆಟಿಕಟ್ ನದಿಯ ಕಣಿವೆಯಲ್ಲಿತ್ತು. ಅದು ಕಡೆಯ ಸಾರಿ ಕಂಡದ್ದು 1954ರಲ್ಲಿ. 1971ರಲ್ಲಿ ಬರಬೇಕಾಗಿತ್ತು, ಬರಲಿಲ್ಲ. ಕಾಡನ್ನು ಕಡಿದು ನೆಲದ ರೂಪವನ್ನು ಬದಲಾಯಿಸಿದ್ದೇ ಇಂಥಾ ನಾಶಕ್ಕೆ ಮುಖ್ಯ ಕಾರಣವೆಂದು ತಿಳಿದವರು ಎಣಿಸುತ್ತಾರೆ. ಇದನ್ನು ಸ್ವಲ್ಪ ಆಲೋಚಿಸಬೇಕು. ಮರ ಕಡಿಯುವವನಿಗೆ ಕೆಳಗೆ ಏನೂ ಕಾಣುವದಿಲ್ಲ. ಐದನೆಯ ವರುಷದ ಮರಿಯಾಗಲಿ ಹದಿನಾರನೆಯ ವರುಷದ ಮರಿಯಾಗಲಿ ಕೂಗಿಕೊಳ್ಳುವದಿಲ್ಲ. ಬೇರು ಒಣಗಿದ ಮೇಲೆ ಅವು ಮಣ್ಣಿನಲ್ಲಿಯೇ ಸಾಯುತ್ತವೆ. ನಷ್ಟವು ಕಡಿದವನಿಗೆ ತಿಳಿಯುವದು, ತಿಳಿದರೆ, ಎಷ್ಟೋ ವರುಷಗಳ ತರುವಾಯ, ಒಂದು ವಸಂತಕಾಲವು ನಿಶ್ಶಬ್ದವಾಗಿ ಕಳೆದಾಗಲೇ.

10. ನಮ್ಮ ದೇಶದಲ್ಲಿ

ಗೊತ್ತಾದ ವರುಷಗಳಿಗೊಮ್ಮೆ ಒಟ್ಟಾಗಿ ಬರುವ ಜೀರುಂಡೆ ನಮ್ಮ ದೇಶದಲ್ಲಿಯೂ ಒಂದುಂಟು. ಮೇಘಾಲಯದ ರಿಭೋಯಿ ಜಿಲ್ಲೆಯ ಕಾಡುಗಳಲ್ಲಿ ನಾಲ್ಕು ವರುಷಗಳಿಗೊಮ್ಮೆ ಹೊರಡುವ ಒಂದು ಜಾತಿಯನ್ನು ಅಲ್ಲಿಯ ಜನರು ನಿಯಾಂಗ್‌ಟಾಸರ್ ಎಂದು ಕರೆಯುತ್ತಾರೆ. ಅದು ಬರುವ ವರುಷ ಅವರಿಗೆ ಮೊದಲೇ ಗೊತ್ತು. ರಾತ್ರಿಯಲ್ಲಿ ಪಂಜುಗಳನ್ನು ಹಿಡಿದು ಹೋಗಿ ಕೂಡಿಸಿ ಆಹಾರಕ್ಕೆ ಉಪಯೋಗಿಸುತ್ತಾರೆ. ಪುಸ್ತಕದಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಬಂದದ್ದಾದರೋ 2013ರಲ್ಲಿ ಮಾತ್ರ. ಊರವರ ನೆನಪು ವಿದ್ವಾಂಸರ ಪುಸ್ತಕಕ್ಕಿಂತ ಮುಂದಾಗಿತ್ತು.

ನಮ್ಮ ಪಡುವಣ ಘಟ್ಟಗಳ ಜೀರುಂಡೆಗಳು ಹೀಗೆ ತಂಡಕಟ್ಟಿ ಬರುವದಿಲ್ಲ. ಅವೂ ಮಣ್ಣಿನಲ್ಲಿ ವರುಷಗಳನ್ನು ಕಳೆಯುತ್ತವೆ. ಆದರೆ ಪ್ರತಿ ವರುಷ ಕೆಲವು ಹೊರಡುವದರಿಂದ ಯಾವ ಬೇಸಿಗೆಯೂ ಹಾಡಿಲ್ಲದೆ ಹೋಗುವದಿಲ್ಲ. ಆದದರಿಂದ ಅವುಗಳ ಕೊರತೆಯನ್ನು ಕಂಡುಹಿಡಿಯುವದು ಇನ್ನೂ ಕಷ್ಟ. ಹಾಡು ವರುಷ ವರುಷವೂ ಸ್ವಲ್ಪ ಸ್ವಲ್ಪವಾಗಿ ತಗ್ಗಿದರೆ ಗಮನಿಸುವವರಾರು?

ಬ್ಯಾನೆಕರನಿಗೆ ಸೂಕ್ಷ್ಮದರ್ಶಕವಿರಲಿಲ್ಲ, ದೊಡ್ಡ ಶಾಲೆಯ ಪಾಠವಿರಲಿಲ್ಲ. ಕಣ್ಣೂ ಕಾಗದವೂ ತಾಳ್ಮೆಯೂ ಇದ್ದವು. ಮೊದಲು ಕೊಲ್ಲುವದಕ್ಕೆ ಎತ್ತಿದ ಕೈ ಎರಡನೆಯ ಸಾರಿ ತಡೆದುಕೊಂಡಿತು, ಮೂರನೆಯ ಸಾರಿ ಕಂಡದ್ದನ್ನು ಲೆಕ್ಕಕ್ಕೆ ತಂದಿತು. ನಮ್ಮ ಊರುಗಳಲ್ಲಿಯೂ ಓದುಬರಹ ಬಲ್ಲ ಹುಡುಗ ಹುಡುಗಿಯರು ಒಂದು ಪುಸ್ತಕವನ್ನಿಟ್ಟುಕೊಂಡು, ಈ ವರುಷ ಜೀರುಂಡೆಯ ಹಾಡು ಯಾವ ತಾರೀಕಿಗೆ ಆರಂಭವಾಯಿತು, ಮೊದಲನೆಯ ಮಳೆ ಎಂದು ಬಂತು, ಯಾವ ಮರದಲ್ಲಿ ಎಷ್ಟು ಚಿಪ್ಪುಗಳು ಸಿಕ್ಕಿದವು ಎಂದು ಬರೆದಿಡಲಿ. ಒಂದು ವರುಷದ ಬರಹದಿಂದ ಹೆಚ್ಚೇನೂ ತಿಳಿಯದು. ಹದಿನೇಳು ವರುಷದ ಬರಹದಿಂದ ಬಹಳ ತಿಳಿಯುವದು. ಹಿತ್ತಲಿನ ಹಳೇ ಮರವನ್ನು ಕಡಿಯಬೇಕೆಂದಿರುವವರು ಅದರ ಬುಡದ ಮಣ್ಣಿನಲ್ಲಿ ಯಾರು ಯಾರು ವಾಸಮಾಡುತ್ತಾರೆಂಬದನ್ನೂ ಒಂದು ಗಳಿಗೆ ಆಲೋಚಿಸಲಿ.

ವಿಚಾರಿಸತಕ್ಕ ಪ್ರಶ್ನೆಗಳು

1. ಜೀರುಂಡೆಗೂ ಮಿಡತೆಗೂ ಇರುವ ವ್ಯತ್ಯಾಸಗಳು ಯಾವವು? ತಪ್ಪು ಹೆಸರಿನಿಂದ ಏನಾಯಿತು?
2. ಬ್ಯಾನೆಕರನು 1749ರಲ್ಲಿ ಮಾಡಿದ್ದನ್ನು 1766ರಲ್ಲಿ ಯಾಕೆ ಮಾಡಲಿಲ್ಲ?
3. ಮಣ್ಣಿನೊಳಗಿನ ಮರಿ ವರುಷವನ್ನು ಯಾವದರಿಂದ ಅರಿಯುತ್ತದೆ? ಅದು ತಿಳಿದುಬಂದ ಬಗೆ ಹೇಗೆ?
4. 10ನೆಯ ತಂಡ 2038ರ ತರುವಾಯ ಯಾವ ವರುಷದಲ್ಲಿ ಬರುವದು? ಆಗ ನಿಮ್ಮ ವಯಸ್ಸು ಎಷ್ಟಾಗುವದು?
5. ನಿಮ್ಮ ಊರಿನಲ್ಲಿ ಜೀರುಂಡೆಯ ಹಾಡು ಹೆಚ್ಚಾಗಿ ಕೇಳಿಸುವ ಮರಗಳು ಯಾವವು? ಹಿರಿಯರ ಬಾಲ್ಯದಲ್ಲಿ ಕೇಳಿಸಿ ಈಗ ಕೇಳಿಸದ ಸ್ಥಳಗಳಿದ್ದರೆ ವಿಚಾರಿಸಿ ಬರೆದುಕೊಳ್ಳಿರಿ.